ಫರ್ಲೋದಿಂದ ಲೇಆಫ್‌ವರೆಗೆ: ಒರ್ಲ್ಯಾಂಡೊದ ಪಾರ್ಕಿನಲ್ಲಿ ಕೆಲಸ ಹೋದ ಕಥೆ

ಒರ್ಲ್ಯಾಂಡೊಗೆ ಬರುವ ಕನ್ನಡದವರು ಸಾಮಾನ್ಯವಾಗಿ ಒಂದು ವಾರ ಸುತ್ತಾಡಿ, ಕಾಲು ನೋಯಿಸಿಕೊಂಡು, ದುಡ್ಡು ಖಾಲಿ ಮಾಡಿಕೊಂಡು ಹೊರಡುತ್ತಾರೆ. ನಾವು ಇಲ್ಲೇ ಇರುವವರು. ಊರು ಕಿಸಿಮ್ಮಿ, ಒರ್ಲ್ಯಾಂಡೊದ ದಕ್ಷಿಣಕ್ಕೆ. ನಮ್ಮ ಯಜಮಾನರು 192ನೇ ರಸ್ತೆಯ ಒಂದು ಮೋಟೆಲ್‌ನಲ್ಲಿ ರಾತ್ರಿ ಪಾಳಿ. ನಾನು ಒಂದು ದೊಡ್ಡ ಥೀಮ್ ಪಾರ್ಕಿನ ಕಾಸ್ಟ್ಯೂಮ್ ವಿಭಾಗದಲ್ಲಿ ಟೇಲರ್. ಯಾವ ಪಾರ್ಕು ಅಂತ ಹೇಳುವುದಿಲ್ಲ. ಇಲ್ಲಿ ಅಂಥವು ಬೇಕಾದಷ್ಟಿವೆ, ಆ ಕೊರೊನಾ ವರ್ಷದಲ್ಲಿ ಎಲ್ಲರ ಕಥೆಯೂ ಹೆಚ್ಚುಕಮ್ಮಿ ಒಂದೇ ಆಗಿತ್ತು.

ದಾವಣಗೆರೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದವಳಿಗೆ ಇಲ್ಲಿ ಸಿಕ್ಕಿದ್ದು ವಿಚಿತ್ರ ಕೆಲಸ. ಮೆರವಣಿಗೆಯಲ್ಲಿ ಕುಣಿಯುವವರ ಪ್ಯಾಂಟಿನ ಝಿಪ್ ಬದಲಿಸೋದು, ಕಾಲಂಚು ಮಡಚಿ ಹೊಲಿಯೋದು, ಫ್ಲಾರಿಡಾದ ಬೆವರಿಗೆ ಕಂಕುಳಲ್ಲಿ ಬಣ್ಣ ಬಿಟ್ಟ ಜಾಕೆಟ್ಟಿಗೆ ಹೊಸ ತುಂಡು ಕೂಡಿಸೋದು. ಪ್ರತಿ ಬಟ್ಟೆಗೂ ಒಳಗೆ ಒಂದು ಬಾರ್‌ಕೋಡ್ ಪಟ್ಟಿ. ಅದನ್ನು ಹರಿಯದ ಹಾಗೆ ಬಿಚ್ಚಿ ಮತ್ತೆ ಹೊಲಿಯೋದೇ ದೊಡ್ಡ ಕೈಚಳಕ. ಕೆಲಸ ನನಗೆ ಇಷ್ಟ ಇತ್ತು. ಫುಲ್ ಟೈಮ್, ಮನೆಯವರಿಗೆಲ್ಲ ಇನ್ಶೂರೆನ್ಸ್. ಅಮೆರಿಕದಲ್ಲಿ ಸಂಬಳಕ್ಕಿಂತ ಈ ಇನ್ಶೂರೆನ್ಸೇ ಮುಖ್ಯ ಅನ್ನೋದು ಇಲ್ಲಿ ಇದ್ದವರಿಗೆ ಗೊತ್ತು.

2020ರ ಮಾರ್ಚ್ ಎರಡನೇ ವಾರದಲ್ಲಿ ಒಂದರ ಹಿಂದೆ ಒಂದು ಪಾರ್ಕುಗಳು ಮುಚ್ಚುವ ಸುದ್ದಿ ಬಂತು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ಮಾರ್ಚ್ 14ಕ್ಕೆ ಮುಚ್ಚಿತು. ನಮ್ಮ ಕಡೆಯ ವಾಲ್ಟ್ ಡಿಸ್ನಿ ವರ್ಲ್ಡ್, ಯೂನಿವರ್ಸಲ್, ಸೀವರ್ಲ್ಡ್ ಮೂರೂ 16ರ ಹೊತ್ತಿಗೆ ಮುಚ್ಚಿದ್ದವು. ಎಲ್ಲರೂ ಹೇಳಿದ್ದು ಒಂದೇ: ಈ ತಿಂಗಳ ಕೊನೆವರೆಗೆ ಮಾತ್ರ. ನಮ್ಮ ಸೂಪರ್‌ವೈಸರ್ ಕೂಡ ಮಷೀನಿಗೆ ಹೊದಿಕೆ ಹಾಕಿ ಹೋಗಿ, ಎರಡು ವಾರ ರೆಸ್ಟ್ ತಗೊಳ್ಳಿ ಅಂದರು. ನನ್ನ ಕತ್ತರಿ, ಥಿಂಬಲ್, ಕನ್ನಡಕ ಎಲ್ಲ ಡ್ರಾಯರ್‌ನಲ್ಲೇ ಇತ್ತು. ಎರಡು ವಾರಕ್ಕೆ ಯಾರು ತರ್ತಾರೆ, ಅಲ್ವಾ?

ಮಾರ್ಚ್ ಕೊನೆ ಬಂದಾಗ ದಿನಾಂಕ ಮುಂದೆ ಹೋಯಿತು. ಏಪ್ರಿಲ್‌ನಲ್ಲಿ ದಿನಾಂಕವೇ ಇಲ್ಲವಾಯಿತು. ಅದರ ಹಿಂದೆಯೇ ಫರ್ಲೋ ಕಾಗದ ಬಂತು.

ಫರ್ಲೋ ಅಂದರೆ ಕೆಲಸ ಹೋಗಿಲ್ಲ, ಸಂಬಳ ಮಾತ್ರ ಇಲ್ಲ. ನೀವಿನ್ನೂ ಕಂಪನಿಯವರೇ, ಇನ್ಶೂರೆನ್ಸ್ ಇರುತ್ತೆ, ಕರೆದಾಗ ಬನ್ನಿ. ಸೀವರ್ಲ್ಡ್ ಏಪ್ರಿಲ್ 1ರಿಂದ ತನ್ನ ನೂರಕ್ಕೆ 90ಕ್ಕೂ ಹೆಚ್ಚು ಜನರನ್ನು ಹೀಗೆ ಕೂರಿಸಿತು. ಡಿಸ್ನಿ ಏಪ್ರಿಲ್ 18ರವರೆಗೆ ಸಂಬಳ ಕೊಟ್ಟು, 19ರಿಂದ ಫರ್ಲೋ ಶುರು ಮಾಡಿತು. ಫ್ಲಾರಿಡಾದ ಡಿಸ್ನಿ ಒಂದರಲ್ಲೇ ಯೂನಿಯನ್ ಲೆಕ್ಕಕ್ಕೆ ಬರುವ ಸುಮಾರು 43,000 ಜನ. ನಮ್ಮ ಬೀದಿಯಲ್ಲಿ ನಾನು, ಎದುರು ಮನೆಯ ಬಸ್ ಡ್ರೈವರ್, ಮೂಲೆ ಮನೆಯ ಅಡುಗೆಯವನು, ಎಲ್ಲರೂ ಒಂದೇ ವಾರದಲ್ಲಿ ಮನೆಯಲ್ಲಿ. ಯಜಮಾನರ ಮೋಟೆಲ್‌ನಲ್ಲಿ ಟೂರಿಸ್ಟ್ ಇಲ್ಲ, ಹಾಗಾಗಿ ಅವರ ಪಾಳಿಯೂ ಅರ್ಧಕ್ಕೆ ಇಳಿಯಿತು. ಮೇ ತಿಂಗಳಲ್ಲಿ ನಮ್ಮ ಓಸಿಯೋಲಾ ಕೌಂಟಿಯಲ್ಲಿ ನಿರುದ್ಯೋಗ ನೂರಕ್ಕೆ 30 ದಾಟಿತ್ತು.

ಇನ್ನು ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಬೇಕು. ಇದೇ ನಿಜವಾದ ಕೆಲಸ.

ಮೊದಲು ಯಜಮಾನರು ಬೇಡವೇ ಬೇಡ ಅಂದರು. ನಮ್ಮದು ಗ್ರೀನ್ ಕಾರ್ಡ್. ಸರ್ಕಾರಕ್ಕೆ ಹೊರೆಯಾಗುವವರಿಗೆ ಕಷ್ಟ ಅಂತ ಆ ವರ್ಷದ ಫೆಬ್ರವರಿ 24ರಿಂದ ಹೊಸ 'ಪಬ್ಲಿಕ್ ಚಾರ್ಜ್' ನಿಯಮ ಜಾರಿಗೆ ಬಂದಿತ್ತು. "ಈ ದುಡ್ಡು ತಗೊಂಡರೆ ನಾಳೆ ಸಿಟಿಜನ್‌ಶಿಪ್‌ಗೆ ಅಡ್ಡ ಬರುತ್ತೆ ಕಣೇ, ಸುಮ್ನಿರು" ಅಂತ ಅವರ ವಾದ. ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಅರ್ಧ ಜನ ಹೌದು ಅಂದರು, ಅರ್ಧ ಜನ ಅಲ್ಲ ಅಂದರು. ಕೊನೆಗೆ ಮಗಳೇ ಕೂತು ನಿಯಮ ಓದಿದಳು. ನಿರುದ್ಯೋಗ ಭತ್ಯೆ ಆ ಲೆಕ್ಕಕ್ಕೆ ಬರುತ್ತಲೇ ಇರಲಿಲ್ಲ. ಅದು ಬಿಟ್ಟಿ ದುಡ್ಡಲ್ಲ, ನಮ್ಮ ಕೆಲಸದ ಮೇಲೆ ಕಂಪನಿ ಕಟ್ಟುತ್ತಾ ಬಂದ ತೆರಿಗೆಯಿಂದ ಬರುವ ವಿಮೆ. ಬಿಟ್ಟಿ ದಿನಸಿ ಹಂಚುವ ಫುಡ್ ಬ್ಯಾಂಕಿನ ಊಟದ ಡಬ್ಬಿಯೂ ಲೆಕ್ಕಕ್ಕಿರಲಿಲ್ಲ. ಆದರೂ ಈ ಹೆದರಿಕೆಗೆ ಅರ್ಜಿಯನ್ನೇ ಹಾಕದ ನಮ್ಮವರನ್ನು ನಾನು ನೋಡಿದ್ದೇನೆ.

ಅರ್ಜಿಗೆ ಬೇಕಾಗಿದ್ದು ಇಷ್ಟು: ಸೋಶಿಯಲ್ ಸೆಕ್ಯುರಿಟಿ ನಂಬರ್, ಡ್ರೈವಿಂಗ್ ಲೈಸೆನ್ಸ್, ಗ್ರೀನ್ ಕಾರ್ಡಿನ ನಂಬರ್, ಹಿಂದಿನ 18 ತಿಂಗಳು ಎಲ್ಲೆಲ್ಲಿ ಕೆಲಸ ಮಾಡಿದ್ದೀರಿ, ಎಷ್ಟು ದುಡಿದಿರಿ. ಜೊತೆಗೆ ಕಂಪನಿಯ ಫೆಡರಲ್ ತೆರಿಗೆ ನಂಬರ್. ಅದು ಕಂಪನಿ ವರ್ಷಕ್ಕೊಮ್ಮೆ ಕೊಡುವ ಸಂಬಳ, ತೆರಿಗೆ ಲೆಕ್ಕದ ಡಬ್ಲ್ಯೂ-2 ಕಾಗದದಲ್ಲಿ ಇರುತ್ತೆ. ಈ ಒಂದು ನಂಬರ್ ಗೊತ್ತಿಲ್ಲದೆ ಎಷ್ಟೋ ಜನ ಅರ್ಧದಲ್ಲೇ ನಿಂತಿದ್ದರು. ಕೆಲಸ ಯಾಕೆ ಹೋಯಿತು ಅನ್ನೋ ಕಡೆ 'ಕೆಲಸ ಇಲ್ಲದ್ದರಿಂದ' ಅಂತಲೇ ಆರಿಸಬೇಕು. ನಾನೇ ಬಿಟ್ಟೆ ಅನ್ನೋ ಅರ್ಥ ಬಂದರೆ ಅರ್ಜಿ ಸಿಕ್ಕಿಹಾಕಿಕೊಳ್ಳುತ್ತೆ. ಕೆಲವು ದೊಡ್ಡ ಕಂಪನಿಗಳು ನೌಕರರ ವಿವರವನ್ನು ತಾವೇ ರಾಜ್ಯಕ್ಕೆ ಕಳಿಸಿಕೊಟ್ಟವು. ಆ ಪುಣ್ಯ ನಮಗಿರಲಿಲ್ಲ.

ವೆಬ್‌ಸೈಟ್ ತೆರೆದರೆ ಬಿಳಿ ಪರದೆ. ತುಂಬಿಸುತ್ತಾ ಹೋಗಿ ನಾಲ್ಕನೇ ಪುಟಕ್ಕೆ ಬಂದರೆ ಹೊರಗೆ ತಳ್ಳುತ್ತೆ. ಪಿನ್ ಮರೆತರೆ ಫೋನ್ ಮಾಡಬೇಕು, ಫೋನ್ ಯಾವಾಗಲೂ ಬ್ಯುಸಿ. ಮೊದಮೊದಲು ರಾತ್ರಿ ಜನ ಕಡಿಮೆ ಇರ್ತಾರೆ ಅಂತ ಎದ್ದು ಕೂರುತ್ತಿದ್ದೆವು. ಆಮೇಲೆ ರಾತ್ರಿ ಹೊತ್ತು ಸೈಟನ್ನೇ ಮುಚ್ಚತೊಡಗಿದರು. ಏಪ್ರಿಲ್‌ನಲ್ಲಿ ಕಾಗದದ ಅರ್ಜಿಯೂ ನಡೆಯುತ್ತೆ ಅಂತ ಆಯಿತು. ಫೆಡೆಕ್ಸ್ ಅಂಗಡಿಗಳಲ್ಲಿ ಬಿಟ್ಟಿ ಪ್ರಿಂಟ್ ಹಾಕಿ ಬಿಟ್ಟಿಯಾಗೇ ಕಳಿಸುತ್ತಿದ್ದರು. ಅಮೆರಿಕಕ್ಕೆ ಬಂದು ನೀಲಿ ಪೆನ್ನಲ್ಲಿ ಅರ್ಜಿ ತುಂಬಿಸುತ್ತಾ ಕೂತಾಗ ತಾಲ್ಲೂಕು ಆಫೀಸು ನೆನಪಾಗಿ ನಗು ಬಂತು. ಆಗಸ್ಟ್‌ನಲ್ಲಿ ಗವರ್ನರ್ ರಾನ್ ಡಿಸಾಂಟಿಸ್ ಅವರೇ ಟಿವಿ ಸಂದರ್ಶನದಲ್ಲಿ, ಜನ ಬೇಸತ್ತು ಬಿಟ್ಟುಹೋಗಲಿ ಅನ್ನೋ ಹಾಗೆ ಹಿಂದೆ ಈ ವ್ಯವಸ್ಥೆಯನ್ನು ಕಟ್ಟಿದ್ದಾರೆ ಅನ್ನುವ ಅರ್ಥದ ಮಾತಾಡಿದರು. ಅದನ್ನು ಕೇಳಿ ನಮ್ಮ ಯಜಮಾನರು, "ನೋಡು, ನಾನು ಹೇಳಿರಲಿಲ್ವಾ" ಅಂದರು. ಅವರು ಹೇಳಿದ್ದು ಬೇರೆಯೇ ಆಗಿತ್ತು.

ಫ್ಲಾರಿಡಾದಲ್ಲಿ ಭತ್ಯೆ ವಾರಕ್ಕೆ ಹೆಚ್ಚೆಂದರೆ 275 ಡಾಲರ್, ಅದೂ 12 ವಾರ. ದೇಶದಲ್ಲೇ ಇಷ್ಟು ಕಡಿಮೆ ಕೊಡುವ ರಾಜ್ಯಗಳು ಕೆಲವೇ ಕೆಲವು. ಅದರ ಮೇಲೆ ಕೇಂದ್ರ ಸರ್ಕಾರ ಜುಲೈ ಕೊನೆವರೆಗೆ ವಾರಕ್ಕೆ 600 ಡಾಲರ್ ಸೇರಿಸಿತು. ನನಗೆ ದುಡ್ಡು ಬರುವ ಹೊತ್ತಿಗೆ ಮೇ ಕಳೆದಿತ್ತು, ಬಾಕಿಯೆಲ್ಲ ಒಟ್ಟಿಗೆ ಬಂತು. ಮುಚ್ಚಿಡೋದು ಯಾಕೆ, ಅಷ್ಟು ದಿನ ಕೆಲಸ ಮಾಡಿದ್ದರೆ ಸಿಗುತ್ತಿದ್ದದ್ದಕ್ಕಿಂತ ಜಾಸ್ತಿಯೇ ಕೈಗೆ ಬಂತು. ರಾಜ್ಯದ ಕನಿಷ್ಠ ಕೂಲಿ ಆಗ ಗಂಟೆಗೆ 8.56 ಡಾಲರ್. ಪಾರ್ಕುಗಳಲ್ಲಿ ಅದಕ್ಕಿಂತ ಸ್ವಲ್ಪ ಮೇಲೆ ದುಡಿಯುತ್ತಿದ್ದವರಿಗೆ 875 ಡಾಲರ್ ದೊಡ್ಡ ಮೊತ್ತವೇ. ಇದನ್ನು ನೋಡಿ 'ಮನೇಲಿ ಕೂರಿಸಿ ಸೋಮಾರಿ ಮಾಡ್ತಿದ್ದಾರೆ' ಅಂದವರಿದ್ದರು. ಕೂತವರೇನು ಬೇಕಂತ ಕೂತಿದ್ದರೆ? ಪಾರ್ಕಿಗೆ ಬೀಗ ಹಾಕಿದ್ದು ನಾವಲ್ಲ. ಎರಡು ವಾರಕ್ಕೊಮ್ಮೆ ಸೈಟಿಗೆ ಹೋಗಿ, ಕೆಲಸಕ್ಕೆ ನಾನು ತಯಾರಿದ್ದೇನೆ ಅಂತ ಗುರುತು ಹಾಕಿ ಬರಬೇಕಿತ್ತು. ಒಂದು ಸಲ ತಪ್ಪಿದರೆ ಮುಗೀತು.

ಆ ಬೇಸಿಗೆಯಲ್ಲಿ ಮನೆಯ ಮಷೀನಲ್ಲಿ ಮಾಸ್ಕ್ ಹೊಲಿದೆ. ಎಲಾಸ್ಟಿಕ್ ಎಲ್ಲೂ ಸಿಗುತ್ತಿರಲಿಲ್ಲ. ಹಳೆಯ ಲಂಗಗಳ ಲಾಡಿ ಕತ್ತರಿಸಿ ಕಟ್ಟುದಾರ ಮಾಡಿದೆ. ಇಳಕಲ್ ಸೀರೆಯ ಬ್ಲೌಸ್ ಪೀಸಿನ ಮಾಸ್ಕ್ ಹಾಕಿಕೊಂಡು ಪಕ್ಕದ ಮಷೀನಿನ ಪೋರ್ಟೊರಿಕೊದ ಗೆಳತಿ ಫೋಟೊ ಕಳಿಸಿದಳು. ಅವಳಿಗೆ ಆ ಮೇ ತಿಂಗಳಲ್ಲಿ ಎದೆಯಲ್ಲಿ ಗಡ್ಡೆ ಇರೋದು ಗೊತ್ತಾಯಿತು. ಆಪರೇಷನ್ ಆಯಿತು. ಫರ್ಲೋ ಇದ್ದದ್ದರಿಂದ ಇನ್ಶೂರೆನ್ಸ್ ಇತ್ತು, ಅವಳು ಉಳಿದಳು. ಇದನ್ನು ನಾನು ಮರೆಯುವ ಹಾಗಿಲ್ಲ, ಯಾಕಂದರೆ ಫರ್ಲೋ ಬಗ್ಗೆ ನನ್ನ ಸಿಟ್ಟು ದೊಡ್ಡದು.

ಸಿಟ್ಟು ಯಾಕೆ ಅಂದರೆ, ಅದು ಕಾಯಿಸಿತು. ಅಮೆಜಾನ್ ಮಾರ್ಚ್‌ನಲ್ಲಿ ದೇಶಾದ್ಯಂತ 1,00,000 ಜನರನ್ನು ತೆಗೆದುಕೊಳ್ಳುತ್ತೇವೆ ಅಂದಿತು, ಏಪ್ರಿಲ್‌ನಲ್ಲಿ ಇನ್ನೂ 75,000. ದಿನಸಿ ಅಂಗಡಿಗಳೂ ಕರೆಯುತ್ತಿದ್ದವು. ನಮ್ಮಲ್ಲಿ ಹೋದವರು ಕೆಲವರೇ. ಉಳಿದವರೆಲ್ಲ ಇವತ್ತು ಕರೀತಾರೆ, ನಾಳೆ ಕರೀತಾರೆ ಅಂತ ಫೋನ್ ನೋಡುತ್ತಾ ಕೂತೆವು. ವರ್ಷಗಟ್ಟಲೆ ಕೂಡಿಸಿದ ಸೀನಿಯಾರಿಟಿ ಬಿಟ್ಟು ಗೋಡೌನ್‌ಗೆ ಹೋಗೋದು ಹೇಗೆ? ಜೂನ್ 5ಕ್ಕೆ ಯೂನಿವರ್ಸಲ್ ತೆರೆಯಿತು, 11ಕ್ಕೆ ಸೀವರ್ಲ್ಡ್, ಜುಲೈ 11ಕ್ಕೆ ಡಿಸ್ನಿಯ ಮ್ಯಾಜಿಕ್ ಕಿಂಗ್‌ಡಮ್. ಟಿವಿಯಲ್ಲಿ ಬಾಗಿಲು ತೆರೆಯೋದು ತೋರಿಸಿದಾಗಲೆಲ್ಲ ನಮ್ಮ ಗುಂಪಿನಲ್ಲಿ ಮೆಸೇಜುಗಳ ಸುರಿಮಳೆ. ಆದರೆ ಜನ ಕಡಿಮೆ. ಮೆರವಣಿಗೆ ಇಲ್ಲ, ದೊಡ್ಡ ಶೋ ಇಲ್ಲ. ಕುಣಿಯುವವರೇ ಇಲ್ಲದ ಮೇಲೆ ಅವರ ಝಿಪ್ ಯಾರಿಗೆ ಬೇಕು?

ಊರಿಂದ ಅಕ್ಕ ಫೋನ್ ಮಾಡಿದಾಗ ಇದನ್ನೆಲ್ಲ ಹೇಳಿದರೆ, "ನಿಂಗೆ ಅರ್ಜಿ ಹಾಕೋಕಾದ್ರೂ ಒಂದು ಜಾಗ ಐತಲ್ಲೇ" ಅಂದಳು. ಅವಳ ಮಗ ಬೆಂಗಳೂರಿನ ಮಾಲ್ ಒಂದರ ಮಕ್ಕಳ ಆಟದ ಜಾಗದಲ್ಲಿ ಕೆಲಸಕ್ಕಿದ್ದ. ಕರ್ನಾಟಕದಲ್ಲಿ ಮಾಲ್, ಥಿಯೇಟರ್ ಎಲ್ಲ ಮಾರ್ಚ್ 14ಕ್ಕೇ ಮುಚ್ಚಿದ್ದವು. ಅವನಿಗೆ ಫರ್ಲೋ ಇಲ್ಲ, ಕಾಗದ ಇಲ್ಲ, ಕಾಂಟ್ರಾಕ್ಟರ್ ಫೋನ್ ಎತ್ತೋದು ನಿಲ್ಲಿಸಿದ ಅಷ್ಟೇ. ಬಿಡದಿಯ ವಂಡರ್‌ಲಾ ಮತ್ತೆ ತೆರೆದದ್ದು ನವೆಂಬರ್ 13ಕ್ಕೆ. ಅಷ್ಟರಲ್ಲಿ ಅವನು ಊರಿಗೆ ಬಂದು ಮಿರ್ಚಿ ಮಂಡಕ್ಕಿ ಗಾಡಿ ಹಾಕಿದ್ದ. ಅಕ್ಕನ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ದೊಡ್ಡವರ ತೀರ್ಮಾನಗಳ ಸುದ್ದಿ ನಮಗೆ ಟಿವಿಯಿಂದಲೇ ಬರುತ್ತಿತ್ತು. ಇಡೀ ಒರ್ಲ್ಯಾಂಡೊ ಡಿಸ್ನಿಯನ್ನು ನೋಡಿಕೊಂಡು ನಡೆಯುವ ಊರು, ಅವರು ಮಾಡಿದ್ದನ್ನು ಎಲ್ಲರೂ ಗಮನಿಸುತ್ತಾರೆ. ಫೆಬ್ರವರಿ 25ಕ್ಕೆ ಬಾಬ್ ಐಗರ್ ಸಿಇಒ ಕುರ್ಚಿಯನ್ನು ಬಾಬ್ ಚಾಪೆಕ್‌ಗೆ ಬಿಟ್ಟುಕೊಟ್ಟಿದ್ದರು. ಮಾರ್ಚ್ ಕೊನೆಗೆ, ಐಗರ್ ಸಂಬಳವನ್ನೇ ತೆಗೆದುಕೊಳ್ಳುವುದಿಲ್ಲ, ಚಾಪೆಕ್ ಅರ್ಧ ಬಿಡುತ್ತಾರೆ ಅಂತ ಸುದ್ದಿ. ಚಪ್ಪಾಳೆ ಹೊಡೆದವರೂ ಇದ್ದರು. ಆದರೆ ಐಗರ್ ಅವರ ಮೂಲ ಸಂಬಳ ವರ್ಷಕ್ಕೆ 30 ಲಕ್ಷ ಡಾಲರ್, 2019ರಲ್ಲಿ ಬೋನಸ್, ಷೇರು ಎಲ್ಲ ಸೇರಿ ಬಂದಿದ್ದು 4 ಕೋಟಿ 70 ಲಕ್ಷ ಡಾಲರಿಗೂ ಮೇಲೆ. ವಾಲ್ಟ್ ಡಿಸ್ನಿಯ ಅಣ್ಣನ ಮೊಮ್ಮಗಳು ಅಬಿಗೇಲ್ ಡಿಸ್ನಿ ಏಪ್ರಿಲ್‌ನಲ್ಲಿ ಇದನ್ನೇ ಎತ್ತಿ ಸಾರ್ವಜನಿಕವಾಗಿ ಬೈದರು. ಕಡಿತ ಮಾಡಿದ ಸಂಬಳಗಳು ಆಗಸ್ಟ್‌ಗೆ ವಾಪಸ್ ಬಂದವು. ನನ್ನ ಪ್ರಕಾರ ಸಂಬಳ ಬಿಟ್ಟದ್ದು ತೋರಿಕೆ. ಜುಲೈನಲ್ಲಿ ಷೇರುದಾರರಿಗೆ ಕೊಡಬೇಕಿದ್ದ ಡಿವಿಡೆಂಡ್ ನಿಲ್ಲಿಸಿದರಲ್ಲ, ಅದರಲ್ಲಿ ಉಳಿದದ್ದು ಮಾತ್ರ ನಿಜವಾದ ದುಡ್ಡು.

ಆಮೇಲೆ ಸೆಪ್ಟೆಂಬರ್. ತಿಂಗಳ ಶುರುವಿನಲ್ಲಿ ಸೀವರ್ಲ್ಡ್ ಒರ್ಲ್ಯಾಂಡೊದಲ್ಲಿ ಸುಮಾರು 1,900 ಜನರ ಫರ್ಲೋವನ್ನು ಲೇಆಫ್ ಮಾಡಿತು, ಅಂದರೆ ಅವರನ್ನು ಕೆಲಸದಿಂದಲೇ ತೆಗೆಯಿತು. 29ಕ್ಕೆ ಡಿಸ್ನಿಯ ಪಾರ್ಕುಗಳ ಮುಖ್ಯಸ್ಥ ಜೋಶ್ ಡಿ'ಅಮಾರೊ, 28,000 ಜನರನ್ನು ತೆಗೆಯುತ್ತೇವೆ, ಅವರಲ್ಲಿ ನೂರಕ್ಕೆ 67 ಪಾರ್ಟ್ ಟೈಮ್‌ನವರು ಅಂತ ಹೇಳಿದರು. ಕ್ಯಾಲಿಫೋರ್ನಿಯಾ ಸರ್ಕಾರ ಪಾರ್ಕು ತೆರೆಯಲು ಬಿಡದ್ದೂ ಒಂದು ಕಾರಣ ಅಂದರು. ಅಲ್ಲಿನವರಿಗೆ ಅದು ಸರಿ, ಡಿಸ್ನಿಲ್ಯಾಂಡ್ ತೆರೆದದ್ದು 2021ರ ಏಪ್ರಿಲ್ 30ಕ್ಕೆ. ಆದರೆ ಫ್ಲಾರಿಡಾದಲ್ಲಿ ಜುಲೈನಿಂದಲೇ ಬಾಗಿಲು ತೆರೆದಿತ್ತು. ನವೆಂಬರ್‌ನಲ್ಲಿ ಆ ಸಂಖ್ಯೆ 32,000ಕ್ಕೆ ಏರಿತು.

ಎಲ್ಲರಿಗೂ ಸೆಪ್ಟೆಂಬರೇ ಯಾಕೆ ಅಂತ ನನಗೆ ಆಗ ಹೊಳೆದಿರಲಿಲ್ಲ. ಆಮೇಲೆ ಕೂಟದ ವಕೀಲರೊಬ್ಬರು ಹೇಳಿದರು. ಇಲ್ಲಿನ 'ವಾರ್ನ್' ಕಾನೂನಿನಲ್ಲಿ, ತಾತ್ಕಾಲಿಕವಾಗಿ ಕೂರಿಸಿದ್ದು ಆರು ತಿಂಗಳು ದಾಟಿದರೆ ಕೆಲಸ ಹೋದ ಹಾಗೇ ಲೆಕ್ಕ. ದೊಡ್ಡ ಮಟ್ಟದಲ್ಲಿ ತೆಗೆದರೆ ಸಾಮಾನ್ಯವಾಗಿ 60 ದಿನದ ನೋಟಿಸೂ ಕೊಡಬೇಕು. ಮಾರ್ಚ್, ಏಪ್ರಿಲ್‌ನಿಂದ ಬೆರಳು ಮಡಚಿ ಎಣಿಸಿ. ಕಾನೂನಿನ ಗಡುವು ಹತ್ತಿರ ಬಂದಾಗ ಕಾಯಿಸೋದು ನಿಂತಿತು ಅಂತಲೇ ನಾನು ನಂಬಿದ್ದೇನೆ.

ನನಗೆ ಗೊತ್ತಾಗಿದ್ದು ಕಾನ್ಫರೆನ್ಸ್ ಕಾಲ್‌ನಲ್ಲಿ. ಎಲ್ಲರ ಮೈಕ್ ಮ್ಯೂಟ್. ಹಿಂದೆಂದೂ ದನಿ ಕೇಳದ ಒಬ್ಬರು ಕಾಗದ ನೋಡಿ ಓದಿದರು. ಪ್ರಶ್ನೆ ಇದ್ದರೆ ಈಮೇಲ್ ಮಾಡಿ ಅಂದರು. ಮುಗಿಯಿತು. ನಾನು ಒಲೆ ಮೇಲಿದ್ದ ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ಅಂತ ರುಚಿ ನೋಡಿದೆ.

ಕೊರಿಯರ್‌ನಲ್ಲಿ ದಪ್ಪ ಕವರ್ ಬಂತು. ಯಾರಿಗಾದರೂ ಇಂಥ ಕವರ್ ಬಂದರೆ ಆ ದಿನವೇ ಸಹಿ ಹಾಕಬೇಡಿ ಅಂತ ಮಾತ್ರ ಹೇಳುತ್ತೇನೆ. ಕೆಲಸ ಹೋದದ್ದಕ್ಕೆ ಕೊಡುವ ಪರಿಹಾರದ ದುಡ್ಡಿಗೆ, ಮುಂದೆ ಕೇಸು ಹಾಕುವುದಿಲ್ಲ ಅನ್ನೋ ಒಪ್ಪಂದ ಅಂಟಿಕೊಂಡಿರುತ್ತೆ. 40 ದಾಟಿದವರನ್ನು ಗುಂಪಾಗಿ ತೆಗೆದಾಗ ಯೋಚನೆಗೆ 45 ದಿನ ಕೊಡಲೇಬೇಕು. ಸಹಿ ಹಾಕಿದ ಮೇಲೂ ವಾಪಸ್ ತಗೊಳ್ಳಲು ಏಳು ದಿನ. ಜೊತೆಗೆ ಒಂದು ಪಟ್ಟಿ ಇರುತ್ತೆ: ಯಾವ ಹುದ್ದೆ, ಯಾವ ವಯಸ್ಸು, ಎಷ್ಟು ಜನರನ್ನು ತೆಗೆದರು, ಎಷ್ಟು ಜನರನ್ನು ಉಳಿಸಿಕೊಂಡರು. ಹೆಸರು ಇರಲ್ಲ. ನಾನು ಬೆರಳಿಟ್ಟು ಕೆಳಗೆ ಬಂದೆ. ಟೇಲರ್, 52, ತೆಗೆದದ್ದು 1, ಉಳಿದದ್ದು 0. ಅದು ನಾನು. ಅದರ ಕೆಳಗೆ 58, 61, 63, ಎಲ್ಲರೂ ತೆಗೆದವರ ಸಾಲಿನಲ್ಲೇ. ಉಳಿದವರ ಸಾಲಿನಲ್ಲಿ ಒಂದು ಅಂಕಿ ಇದ್ದದ್ದು 34ರ ಎದುರು. ಆ ಹುಡುಗಿ ಒಳ್ಳೆಯ ಕೆಲಸಗಾರ್ತಿ, ನಾನೇ ಅವಳಿಗೆ ಓವರ್‌ಲಾಕ್ ಮಷೀನ್ ಕಲಿಸಿದ್ದು. ವಕೀಲರಿಗೆ ತೋರಿಸಿದೆ. ಹೋರಾಡಬಹುದು, ಆದರೆ ವರ್ಷಗಟ್ಟಲೆ ಆಗುತ್ತೆ ಅಂದರು. ಗಡುವಿನ ಕೊನೆಯ ವಾರದಲ್ಲಿ ಸಹಿ ಹಾಕಿದೆ.

ಇನ್ಶೂರೆನ್ಸ್ ಮುಂದುವರಿಸಲು 'ಕೋಬ್ರಾ' ಅಂತ ಒಂದಿದೆ. ಹೆಸರಿಗೆ ತಕ್ಕ ಹಾಗೆ ಕಚ್ಚುತ್ತೆ. ಕಂಪನಿ ಕಟ್ಟುತ್ತಿದ್ದ ಪಾಲೂ ಸೇರಿ ಪೂರ್ತಿ ಕಂತು, ಮೇಲೆ ನೂರಕ್ಕೆ 2 ಖರ್ಚು, ಎಲ್ಲ ನಮ್ಮದೇ. 18 ತಿಂಗಳವರೆಗೆ ಇಟ್ಟುಕೊಳ್ಳಬಹುದು. ಕೆಲಸ ಹೋದವರು ಸರ್ಕಾರದ ಇನ್ಶೂರೆನ್ಸ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಬೇರೆ ಪಾಲಿಸಿ ತಗೊಳ್ಳಲು 60 ದಿನ ಅವಕಾಶ ಇರುತ್ತೆ. ನಾವು ಅದನ್ನೇ ಮಾಡಿದೆವು. ಪೋರ್ಟೊರಿಕೊದ ಗೆಳತಿ ಡಾಕ್ಟರನ್ನು ಬದಲಿಸುವ ಹಾಗಿರಲಿಲ್ಲ. ಅವಳು ಕೋಬ್ರಾ ಕಟ್ಟಿದಳು, ಕಾರು ಮಾರಿ.

ಆ ಚಳಿಗಾಲ ಸೆಕೆಂಡ್ ಹಾರ್ವೆಸ್ಟ್ ಫುಡ್ ಬ್ಯಾಂಕಿನವರು ಊಟದ ಸಾಮಾನು ಹಂಚುವ ಕಡೆ ನಾನೂ ಕಾರಿನ ಸಾಲಿನಲ್ಲಿ ನಿಂತೆ. ಕಿಟಕಿ ಇಳಿಸುವಂತಿಲ್ಲ, ಡಿಕ್ಕಿ ತೆರೆದರೆ ಅವರೇ ಇಡುತ್ತಾರೆ. ಆಲೂಗಡ್ಡೆ, ಡಬ್ಬಿ ಕಾರ್ನ್, ಅಕ್ಕಿ, ಕರಿ ಬೀನ್ಸ್, ಹಾಲು. ಡಿಕ್ಕಿಗೆ ಇಡುತ್ತಿದ್ದವನು ನಮ್ಮ ಪಾರ್ಕಿನ ಮೆರವಣಿಗೆಯಲ್ಲಿ ಕುಣಿಯುತ್ತಿದ್ದ ಹುಡುಗ, ಅವನ ಪ್ಯಾಂಟು ಎಷ್ಟು ಸಲ ಸರಿಮಾಡಿದ್ದೇನೋ. ಮಾಸ್ಕ್ ಇದ್ದರೂ ಗುರುತು ಹಿಡಿದು, ಎರಡು ಚೀಲ ಜಾಸ್ತಿ ಅಕ್ಕಿ ಹಾಕಿದ. ಕರಿ ಬೀನ್ಸಿನ ಉಸಲಿ ಚೆನ್ನಾಗಿಯೇ ಆಗುತ್ತೆ.

ಹೊಸ ವರ್ಷಕ್ಕೆ ಒಂದು ಮದುವೆ ಗೌನಿನ ಅಂಗಡಿಯಲ್ಲಿ ಆಲ್ಟರೇಷನ್ ಕೆಲಸ ಸಿಕ್ಕಿತು. ಮುಂದೂಡಿದ್ದ ಮದುವೆಗಳೆಲ್ಲ ಒಟ್ಟಿಗೆ ಬಂದವು, ಒಂದು ವರ್ಷ ಮನೆಯಲ್ಲಿ ಕೂತ ಮದುಮಗಳಂದಿರಿಗೆ ಸೊಂಟ ಬಿಗಿ. ಹೊಲಿಗೆ ಬಿಡಿಸುವವರಿಗೆ ಒಳ್ಳೆಯ ಕಾಲ.

2021ರ ಬೇಸಿಗೆಯಲ್ಲಿ ಪಾರ್ಕುಗಳು ತುಂಬತೊಡಗಿದವು, ಜನ ಸಾಲದು ಅಂತ ಎಲ್ಲ ಕಡೆ ಬೋರ್ಡು. ನನಗೂ ಫೋನ್ ಬಂತು. ಡಿಸ್ನಿಯಲ್ಲಿ ಯೂನಿಯನ್ ಇದ್ದವರು, ವಾಪಸ್ ಕರೆದರೆ ಹಳೆಯ ಸೀನಿಯಾರಿಟಿ ಉಳಿಯಬೇಕು ಅಂತ ಒಪ್ಪಂದ ಮಾಡಿಸಿಕೊಂಡಿದ್ದರು. ನಮ್ಮ ವಿಭಾಗಕ್ಕೆ ಯೂನಿಯನ್ನೇ ಇರಲಿಲ್ಲ. ಹಳೆಯ ಸಂಬಳ ಸಿಗುತ್ತಾ ಅಂತ ಕೇಳಿದೆ, ಶುರುವಿನ ಸಂಬಳ ಅಂದರು. ರಜೆ ಲೆಕ್ಕ? ಹೊಸದಾಗಿ. ಇನ್ಶೂರೆನ್ಸ್? ಫುಲ್ ಟೈಮ್ ಆದಾಗ ನೋಡೋಣ. ಮಗಳು ಪಕ್ಕದಲ್ಲಿ ಕೂತು ಬೇಡ ಬೇಡ ಅಂತ ಕೈ ಆಡಿಸುತ್ತಿದ್ದಳು. ವಾರಕ್ಕೆ ಎರಡು ದಿನ ಬರ್ತೀನಿ, ಶನಿವಾರ ಆಗಲ್ಲ, ಶನಿವಾರ ಗೌನಿನ ಅಂಗಡಿ ಅಂದೆ. ಒಪ್ಪಿಕೊಂಡರು. ಮೊದಲ ದಿನ ಹೋದಾಗ ನನ್ನ ಡ್ರಾಯರ್ ಯಾರೋ ಖಾಲಿ ಮಾಡಿದ್ದರು. ಕತ್ತರಿಯನ್ನು ಈಗ ಮನೆಯಿಂದಲೇ ಒಯ್ಯುತ್ತೇನೆ, ಸಂಜೆ ವಾಪಸ್ ತರುತ್ತೇನೆ.